ಅಳಲು ಹೊತ್ತಿಲ್ಲದವರ ದುಃಖ

ಮಗು ತೀರಿಕೊಂಡ ಮನೆಯಲ್ಲೂ ಬೆಳಗಾದರೆ ಹಿರಿಯರಿಗೆ ಗಂಜಿಯಾಗಬೇಕು. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು, ಒದ್ದೆಯಾದ ಹಾಸಿಗೆ ಬದಲಿಸಬೇಕು. ದಕ್ಷಿಣ ಗೋವಾದ ಸಾವರ್ಡೆಯಂಥ ಊರಲ್ಲಿ ಇದು ಇನ್ನಷ್ಟು ಕಷ್ಟ. ಲೋಂಡಾ, ಕ್ಯಾಸಲ್ ರಾಕ್ ದಾಟಿ ಘಟ್ಟ ಇಳಿಯುವ ರೈಲು ಕುಳೆಯ ನಂತರ ಮುಟ್ಟುವ ಊರದು. ಕೆಲಸ ಹುಡುಕಿಕೊಂಡು ಆ ದಾರಿಯಲ್ಲಿ ಗೋವಾಕ್ಕೆ ಇಳಿದ ಕನ್ನಡ ಕುಟುಂಬಗಳ ಬಳಗವೆಲ್ಲ ಘಟ್ಟದ ಮೇಲೇ ಉಳಿದಿರುತ್ತದೆ. ಹುಟ್ಟೂರಲ್ಲಾದರೆ ಬೀಗರು, ಓಣಿಯವರು ಬುತ್ತಿ ತರುತ್ತಾರೆ; ಮುದುಕರ ಬಳಿ ಯಾರಾದರೂ ಕೂತಿರುತ್ತಾರೆ. ಇಲ್ಲಿ ಬಾಡಿಗೆ ಖೋಲಿಯಲ್ಲಿ, ಮಗನನ್ನು ಕಳೆದುಕೊಂಡ ತಾಯಿಯೇ ಅತ್ತೆಗೆ ಸ್ನಾನ ಮಾಡಿಸಬೇಕು. ‘ಭಾಳ ಗಟ್ಟಿ ಹೆಣ್ಮಗಳು, ಅಳಲೇ ಇಲ್ಲ’ ಎನ್ನುತ್ತಾರೆ ಜನ. ಅಳಲು ಅವಳಿಗೆ ಹೊತ್ತು ಸಿಕ್ಕಿತ್ತೇ ಎಂದು ಯಾರೂ ಕೇಳುವುದಿಲ್ಲ.

ಸಂತಾನಶೋಕ ದೇಹವನ್ನೂ ಬಿಡುವುದಿಲ್ಲ. ಡೆನ್ಮಾರ್ಕಿನಲ್ಲಿ ಮಕ್ಕಳನ್ನು ಕಳೆದುಕೊಂಡ 21,062 ತಂದೆತಾಯಿಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಂಥ ತಾಯಂದಿರಲ್ಲಿ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಶೇ. 43ರಷ್ಟು ಹೆಚ್ಚಿತ್ತು. ಅಪಘಾತ, ಆತ್ಮಹತ್ಯೆಯಂಥ ಅಸಹಜ ಸಾವುಗಳು ಮೊದಲ 3 ವರ್ಷಗಳಲ್ಲಿ ಹೆಚ್ಚುಕಡಿಮೆ ನಾಲ್ಕು ಪಟ್ಟು. ಕಾಯಿಲೆಯಿಂದಾದ ಹೆಚ್ಚುವರಿ ಸಾವುಗಳು ಕಂಡದ್ದು ಮಾತ್ರ 10ರಿಂದ 18 ವರ್ಷಗಳ ನಂತರ, ಊರೆಲ್ಲ ಆ ಮಗುವನ್ನು ಮರೆತ ಮೇಲೆ.

ಶುಶ್ರೂಷೆಯ ದಣಿವೂ ದೇಹದಲ್ಲಿ ಗುರುತು ಬಿಡುತ್ತದೆ. 1995ರಲ್ಲಿ ಅಮೆರಿಕದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆಯವರನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ 13 ಮಹಿಳೆಯರ ತೋಳಿನ ಮೇಲೆ, ಅವರ ಒಪ್ಪಿಗೆ ಪಡೆದು, 3.5 ಮಿಲಿಮೀಟರಿನ ಪುಟ್ಟ ಗಾಯ ಮಾಡಿದರು. ಅದೇ ವಯಸ್ಸಿನ ಬೇರೆ ಮಹಿಳೆಯರ ಗಾಯಕ್ಕಿಂತ ಅದು ಮಾಯಲು ಸರಾಸರಿ 9 ದಿನ ಹೆಚ್ಚು ಹಿಡಿಯಿತು. ಒತ್ತಡ ಎಡೆಬಿಡದೆ ಇದ್ದರೆ, ಗಾಯದತ್ತ ರಕ್ಷಣಾ ಕೋಶಗಳನ್ನು ಕರೆಯುವ ರಾಸಾಯನಿಕ ಸಂದೇಶಗಳೇ ಕುಗ್ಗುತ್ತವೆ.

ಈ ಎರಡೂ ಭಾರ ಒಬ್ಬರ ಹೆಗಲಿಗೇ ಬಿದ್ದರೆ? ದುಃಖಕ್ಕೆ ಐದು ಹಂತಗಳಿವೆ, ಒಂದೊಂದಾಗಿ ದಾಟಿದರೆ ಮುಗಿಯಿತು ಎಂಬ ಜನಪ್ರಿಯ ನಂಬಿಕೆ ಇಲ್ಲಿ ಉಪಯೋಗಕ್ಕೆ ಬಾರದು. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಖುಟ್ 1999ರಲ್ಲಿ ಮುಂದಿಟ್ಟ ವಿವರಣೆ ನನಗೆ ಹೆಚ್ಚು ನಿಜವೆನಿಸುತ್ತದೆ. ದುಃಖಿಗಳ ಮನಸ್ಸು ಜೋಕಾಲಿಯಂತೆ ಎರಡು ಕಡೆ ತೂಗುತ್ತದೆ: ಒಮ್ಮೆ ಕಳೆದುಕೊಂಡವರತ್ತ, ಒಮ್ಮೆ ಬದುಕಿನ ಕೆಲಸಗಳತ್ತ. ಆ ತೂಗಾಟದಲ್ಲೇ ಚೇತರಿಕೆಯಿದೆ. ಹಾಗಾಗಿ ಮಗ ಸತ್ತ ತಿಂಗಳಲ್ಲೇ ತಾಯಿ ಸಂತೆಯಲ್ಲಿ ಚೌಕಾಸಿ ಮಾಡಿದರೆ, ಯಾವುದೋ ಮಾತಿಗೆ ನಕ್ಕರೆ, ಅದು ತಪ್ಪಲ್ಲ. ಅವಳ ಮನಸ್ಸು ತನಗೆ ಬೇಕಾದ ವಿರಾಮವನ್ನು ತಾನೇ ತೆಗೆದುಕೊಳ್ಳುತ್ತಿದೆ. ಇದೇ ಇಬ್ಬರು 2016ರಲ್ಲಿ ತಮ್ಮ ವಿವರಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಅಂಶವನ್ನು ಸೇರಿಸಿದರು: ಅತಿಭಾರ. ಮುಗಿಯದ ಕೆಲಸ ಒಂದು ಕಡೆ, ತಡೆಯಲಾಗದ ದುಃಖ ಇನ್ನೊಂದು ಕಡೆ ಒಟ್ಟಿಗೇ ಜಗ್ಗಿದರೆ ಆ ತೂಗಾಟಕ್ಕೇ ಜಾಗವಿರುವುದಿಲ್ಲ.

ಅತ್ತೆಗೆ ಮರೆವಿನ ಕಾಯಿಲೆಯಿದ್ದರಂತೂ ಸಂಕಟಕ್ಕೆ ಕೊನೆಯಿಲ್ಲ. ‘ಯವ್ವಾ, ಹುಡುಗ ಸಾಲಿಯಿಂದ ಬಂದಿಲ್ಲೇನ?’ ಎಂದು ಅಜ್ಜಿ ದಿನವೂ ಕೇಳುತ್ತಾಳೆ. ಹೊಸ ನೆನಪುಗಳನ್ನು ಹಿಡಿದಿಡುವ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಭಾಗ ಆಲ್‌ಝೈಮರ್ ಬಗೆಯ ಮರೆವಿನ ಕಾಯಿಲೆಯಲ್ಲಿ ಮೊದಮೊದಲೇ ಸವೆಯುತ್ತದೆ. ಸತ್ಯ ಹೇಳಿದರೆ ಅಜ್ಜಿ ಪ್ರತಿ ಸಲವೂ ಮೊದಲ ಬಾರಿಗೆ ಕೇಳಿದಂತೆ ಅಳುತ್ತಾಳೆ. ಹೇಗೂ ಮರೆಯುತ್ತಾಳಲ್ಲ ಎನ್ನುವಂತಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಆಲ್‌ಝೈಮರ್ ರೋಗಿಗಳಿಗೆ ದುಃಖದ ಸಿನಿಮಾ ತುಣುಕುಗಳನ್ನು ತೋರಿಸಿದರು. ಕಂಡದ್ದು ಮರೆತುಹೋದರೂ ದುಃಖ ಉಳಿಯಿತು. ಯಾರಿಗೆ ನೆನಪು ಹೆಚ್ಚು ಕುಗ್ಗಿತ್ತೋ ಅವರಲ್ಲಿ ದುಃಖ ಇನ್ನೂ ಹೆಚ್ಚು ಹೊತ್ತು ಉಳಿಯಿತು. ಕಾರಣ ಗೊತ್ತಿಲ್ಲದ ಸಂಕಟದಲ್ಲಿ ಅಜ್ಜಿ ಊಟ ತಳ್ಳುವುದು, ರಾತ್ರಿಯೆಲ್ಲ ಎದ್ದು ಓಡಾಡುವುದು ಇದರಿಂದಲೂ ಇರಬಹುದು. ಆದ್ದರಿಂದ ದಿನವೂ ಸಾವಿನ ಸುದ್ದಿ ಹೇಳಬೇಕಾಗಿಲ್ಲ. ‘ಅವನ ನೆನಪಾತೇನ್ರೀ ಅತ್ತಿ? ಹೋಳಿಗಿ ಅಂದ್ರ ಎಷ್ಟ್ ಇಷ್ಟ ಇತ್ತು ಅವಗ’ ಎಂದು ಮಾತು ಬೆಳೆಸಬಹುದು. ಇದನ್ನು ಸುಳ್ಳು ಎಂದು ನಾನು ಕರೆಯಲಾರೆ. ಆ ಮಾತು ಹೇಳಲು ತಾಯಿಗೂ ಒಂದು ನೆಪ ಸಿಗುತ್ತದೆ.

‘ಮರೆತುಬಿಡು’ ಎನ್ನುವ ಬಂಧುಗಳಿಗೆ ಜೀವಶಾಸ್ತ್ರದಿಂದಲೇ ಒಂದು ಉತ್ತರವಿದೆ. ಬಸಿರಿನಲ್ಲಿ ಮಗುವಿನ ಕೆಲವು ಜೀವಕೋಶಗಳು ತಾಯಿಯ ರಕ್ತ ಸೇರುತ್ತವೆ. ಡಯಾನಾ ಬಿಯಾಂಕಿ ಅವರ ತಂಡ 1996ರಲ್ಲಿ, ಗಂಡುಮಗು ಹುಟ್ಟಿ 27 ವರ್ಷವಾದ ಮೇಲೂ ತಾಯಿಯ ರಕ್ತದಲ್ಲಿ ಅಂಥ ಕೋಶಗಳನ್ನು ಕಂಡಿತು.

ಶುಶ್ರೂಷೆಯ ಭಾರಕ್ಕೆ ಪರಿಹಾರದ ಒಂದು ತುಣುಕನ್ನು ಗೋವಾವೇ ಪರೀಕ್ಷಿಸಿ ನೋಡಿದೆ. ಅಮಿತ್ ಡಯಸ್ ಮತ್ತು ಸಂಗಡಿಗರು ಮರೆವಿನ ಕಾಯಿಲೆಯವರಿದ್ದ 81 ಕುಟುಂಬಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನ ಮನೆಗಳಿಗೆ ತರಬೇತಿ ಪಡೆದ ಸ್ಥಳೀಯರನ್ನು 6 ತಿಂಗಳ ಕಾಲ ಕಳಿಸಿದರು. ಅವರು ತಜ್ಞರಲ್ಲ, ಕಾಯಿಲೆಯ ಬಗ್ಗೆ ತಿಳಿಹೇಳಿ, ನೋಡಿಕೊಳ್ಳುವವರ ಅಳಲು ಕೇಳಿಸಿಕೊಂಡು, ಅಗತ್ಯವಿದ್ದಲ್ಲಿ ವೈದ್ಯರ ಬಳಿ ಕಳಿಸುವವರು. ನೋಡಿಕೊಳ್ಳುವವರ ಮಾನಸಿಕ ಆರೋಗ್ಯ ಸುಧಾರಿಸಿತೆಂದು 2008ರ ವರದಿ ಹೇಳುತ್ತದೆ. ಅಂಥ ವ್ಯವಸ್ಥೆ ಮನೆಮನೆಗೆ ಬರುವವರೆಗೆ ಬಳಗವೇ ಸರದಿ ಹಾಕಿಕೊಳ್ಳಬೇಕು. ಮೂರನೇ ದಿನವೇ ಎಲ್ಲರೂ ಒಟ್ಟಿಗೆ ವಾಪಸ್ ರೈಲು ಹತ್ತದೆ, ತಿಂಗಳಿಗೊಬ್ಬರಂತೆ ಬಂದರೆ ಒಳ್ಳೆಯದು. ಅತ್ತೆಯನ್ನು ಊರಿಗೆ ಒಯ್ಯುವುದಕ್ಕಿಂತ ನಾದಿನಿ ಇಲ್ಲಿಗೆ ಬಂದು ಇರುವುದು ಮೇಲು, ಏಕೆಂದರೆ ಮರೆವಿನವರಿಗೆ ಹೊಸ ಜಾಗ ಗಲಿಬಿಲಿ ಹುಟ್ಟಿಸುತ್ತದೆ. ತಿಂಗಳುಗಳು ಕಳೆದರೂ ನಿತ್ಯದ ಬದುಕು ಹಿಡಿತಕ್ಕೆ ಬಾರದಿದ್ದರೆ ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಸುಳಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.