ಕಡಲ ತಡಿಯಲ್ಲಿ ತಂದೆ-ಮಕ್ಕಳು

ಬೆಳಿಗ್ಗೆ ಕೊಲ್ಲೂರು, ಮಧ್ಯಾಹ್ನ ಉಡುಪಿಯಲ್ಲಿ ಮಠದ ಊಟ, ಸಂಜೆ ಮಲ್ಪೆಯಲ್ಲಿ ಅರ್ಧ ಗಂಟೆ ಎಂದು ಪಟ್ಟಿ ಹಿಡಿದು ಹೊರಡುವ ಸಂಸಾರವಂದಿಗರಿಗೆ ಪುಣ್ಯವೂ ಛಾಯಾಚಿತ್ರಗಳೂ ಯಥೇಚ್ಛವಾಗಿ ಲಭಿಸಬಹುದು. ವಿಶ್ರಾಂತಿಯೊಂದು ಮಾತ್ರ ಲಭಿಸುವುದಿಲ್ಲ. ಅದನ್ನು ಬಯಸುವ ತಂದೆಯೋ ತಾಯಿಯೋ ಒಂದು ಮಗುವನ್ನು ಮಾತ್ರ ಜೊತೆಗೆ ಕರೆದುಕೊಂಡು, ಮಲ್ಪೆಗೂ ಕಾಪುವಿಗೂ ನಡುವಿನ ತೀರದಲ್ಲಿ ಎಲ್ಲಾದರೊಂದು ಕಡೆ ಎರಡು ಮೂರು ದಿನ ಸುಮ್ಮನೆ ತಂಗುವುದು ಮೇಲು. ಮನೆಯಲ್ಲಿ ಒಬ್ಬರು ಸದಾ ಅವಸರಪಡಿಸುವವರು, ಇನ್ನೊಬ್ಬರು ಸದಾ ತಡಮಾಡುವವರು. ಗಡಿಯಾರಕ್ಕೆ ಬದಲಾಗಿ ಸಮುದ್ರದ ಭರತ-ಇಳಿತಗಳೇ ಹೊತ್ತನ್ನು ಗೊತ್ತುಮಾಡುವ ಈ ತಡಿಯಲ್ಲಿ ಆ ಜಗಳಕ್ಕೆ ಆಸ್ಪದವೇ ಉಳಿಯುವುದಿಲ್ಲ.

ಚಂದ್ರಸೂರ್ಯರ ಆಕರ್ಷಣೆಯಿಂದ ದಿನಕ್ಕೆ ಎರಡು ಬಾರಿ ಏರಿ ಎರಡು ಬಾರಿ ಇಳಿಯುವ ನೀರು, ಭೂಮಿಯು ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಮುಂದಕ್ಕೆ ಸರಿದಿರುವ ಕಾರಣ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಭರತದ ಅಂಚಿನಲ್ಲಿ ಮಗುವಿನ ಕೈಯಿಂದ ಒಂದು ಗೂಟ ನೆಡಿಸಿ, ಮರುದಿನ ಅದೇ ಹೊತ್ತಿಗೆ ಬಂದು ನೋಡುವುದಕ್ಕಿಂತ ಒಳ್ಳೆಯ ಖಗೋಳಪಾಠವನ್ನು ನಾನು ಕಾಣೆ. ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ ಹೋದವರಿಗೆ ಏರಿಳಿತವೆರಡೂ ಹೆಚ್ಚು ದೊಡ್ಡದಾಗಿ ತೋರುವುದರಿಂದ ಪಾಠ ಇನ್ನಷ್ಟು ಸ್ಪಷ್ಟವಾಗುತ್ತದೆ.

ಇಳಿತದ ಹೊತ್ತಿಗೆ ಒದ್ದೆಯಾದ ಹೊಯಿಗೆಯ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು ನೋಡಬೇಕು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಏಡಿಯೊಂದು ಬಿಲದಿಂದ ಹೊರಬಂದು, ಎರಡು ಕೈಗಳಿಂದಲೂ ಮರಳನ್ನು ಬಾಯಿಗೆ ತುಂಬಿ, ಅದಕ್ಕೆ ಅಂಟಿದ ಸೂಕ್ಷ್ಮ ಆಹಾರವನ್ನು ಸೋಸಿಕೊಂಡು, ಉಳಿದುದನ್ನು ಪುಟ್ಟ ಉಂಡೆಯಾಗಿ ಉರುಳಿಸಿ ಹಿಂದಕ್ಕೆ ತಳ್ಳುತ್ತದೆ. ಇಂತಹ ನೂರಾರು ಉಂಡೆಗಳು ಬಿಲದ ಸುತ್ತಲೂ ಕಿರಣಗಳಂತೆ ಹರಡುತ್ತವೆ. ನಮ್ಮ ನೆರಳು ಬಿದ್ದೊಡನೆ ಕಲಾವಿದ ಮಾಯ. ಅಲುಗಾಡದೆ ಕುಳಿತರೆ ಮತ್ತೆ ಬರುತ್ತಾನೆಂಬುದನ್ನು ಹೇಳಿದರೆ, ಶಾಲೆಯಲ್ಲಿ ಒಂದು ನಿಮಿಷವೂ ಸ್ಥಿರವಾಗಿ ಕೂರದ ಪೋರನೂ ಉಸಿರು ಹಿಡಿದು ಕೂರುವುದುಂಟು. ತಂದೆಗಾದರೋ ಬೇಗನೆ ಮಂಡಿ ನೋವು ಬರುತ್ತದೆ. ಆಗ ಹೊಯಿಗೆಯ ಮೇಲೆ ಬೋರಲು ಮಲಗುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋದರೆ, ಶಿಲ್ಪಿ ಕಡೆದಿಟ್ಟಂತೆ ತೋರುವ ಬಹುಕೋನದ ಕಲ್ಲುಕಂಬಗಳ ಸಮೂಹವನ್ನು ಕಾಣಬಹುದು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ, ಉಕ್ಕಿದ ಶಿಲಾರಸವು ತಣಿಯುತ್ತ ಕುಗ್ಗಿ ಸೀಳಿದುದರ ಫಲವಿದು. ಅಷ್ಟು ಕೋಟಿ ವರ್ಷಗಳನ್ನು ಕಲ್ಪಿಸಿಕೊಳ್ಳುವುದು ದೊಡ್ಡವರಿಗೂ ಅಸಾಧ್ಯವಾದುದರಿಂದ, ಮಕ್ಕಳು ದ್ವೀಪದ ಚಿಪ್ಪುಗಳಲ್ಲಿ ಮಗ್ನರಾಗುವುದನ್ನು ಆಕ್ಷೇಪಿಸುವಂತಿಲ್ಲ. ಗೋಪೀಚಂದನದ ಹೆಂಟೆಯೊಳಗಿನ ಶ್ರೀಕೃಷ್ಣನ ವಿಗ್ರಹವು ಮಧ್ವಾಚಾರ್ಯರಿಗೆ ಮಲ್ಪೆಯ ಕಡಲಲ್ಲಿ ದೊರೆಯಿತೆಂಬ ಐತಿಹ್ಯವನ್ನು ಹಿಂದಿರುಗುವ ದೋಣಿಯಲ್ಲಿ ಹೇಳಿದರೆ ಅವರು ಹೆಚ್ಚು ಆಸಕ್ತಿಯಿಂದ ಕೇಳುತ್ತಾರೆ. ಕಾಪುವಿನಲ್ಲಿ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವೂ ಒಂದು ಸಂಜೆಯನ್ನು ಬೇಡುತ್ತದೆ.

ಕಡಲನ್ನು ನಂಬಬೇಕು, ಆದರೆ ಕೈಬಿಡಬಾರದು: ಮೊಣಕಾಲಿಗಿಂತ ಮೇಲೆ ನೀರಿರುವೆಡೆ ಮಗುವಿನ ಕೈ ತಂದೆಯ ಕೈಯಲ್ಲಿಯೇ ಇರತಕ್ಕದ್ದು. ಎರಡು ಅಲೆಗಳ ನಡುವೆ ನೊರೆಯಿಲ್ಲದ ಶಾಂತ ಓಣಿಯಂತೆ ಕಾಣುವ ಜಾಗದಲ್ಲಿಯೇ ನೀರು ರಭಸದಿಂದ ಒಳಕ್ಕೆ ಸೆಳೆಯುವುದುಂಟು. ಸೆಳೆತಕ್ಕೆ ಸಿಕ್ಕಿದವರು ದಡಕ್ಕೆ ನೇರವಾಗಿ ಸೆಣಸದೆ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕೆಂಬುದನ್ನು ಸ್ಥಳದ ಬಲ್ಲವರೆಲ್ಲರೂ ಹೇಳುತ್ತಾರೆ.

ಹೋಗಲು ತಕ್ಕ ಕಾಲವೆಂದರೆ ಮಳೆ ಹಿಂದೆಗೆದ ಮೇಲೆ, ಅಕ್ಟೋಬರಿನಿಂದ ಫೆಬ್ರವರಿಯ ತನಕ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧವಿರುವುದರಿಂದ, ತಾಜಾ ಬಂಗುಡೆಯ ಆಸೆಯಿಂದ ಬಂದವರು ಒಣಮೀನಿನ ಚಟ್ನಿಯೊಡನೆ ಕುಚ್ಚಲಕ್ಕಿ ಗಂಜಿಯನ್ನು ಉಣ್ಣಬೇಕಾದೀತು. ಅದೂ ಕಡಿಮೆ ರುಚಿಯದೇನಲ್ಲ.