ಅಶೋಕಪುರಂ: ಒಂದು ನಿಲ್ದಾಣ, ಎರಡು ಹಾದಿ

ಮೈಸೂರು ಜಂಕ್ಷನ್ ಬಿಟ್ಟ ರೈಲು ದಕ್ಷಿಣಕ್ಕೆ ತಿರುಗಿ, ಚಾಮರಾಜಪುರಂ ದಾಟಿದ ಮೇಲೆ ಸಿಗುವ ನಿಲ್ದಾಣ ಅಶೋಕಪುರಂ. ಬಹುಕಾಲ ಇಲ್ಲಿ ನಿಂತು ಹೊರಡುತ್ತಿದ್ದವು ಹೆಚ್ಚಾಗಿ ನಂಜನಗೂಡು, ಚಾಮರಾಜನಗರದ ಪ್ಯಾಸೆಂಜರ್ ಗಾಡಿಗಳೇ. ಬೆಂಗಳೂರಿಗೆ ಹೋಗುವವರು ಆಟೊ ಹಿಡಿದು ದೊಡ್ಡ ಸ್ಟೇಷನ್ನಿಗೆ ಹೋಗಬೇಕಿತ್ತು. ಈಚಿನ ವರ್ಷಗಳಲ್ಲಿ ಅಲ್ಲಿಯ ಪ್ಲಾಟ್‌ಫಾರಂಗಳ ಮೇಲಿನ ಒತ್ತಡ ತಗ್ಗಿಸಲೆಂದು ಬೆಂಗಳೂರು ಕಡೆಯ ಕೆಲವು ರೈಲುಗಳನ್ನು ಅಶೋಕಪುರಂವರೆಗೆ ತಂದಿದ್ದಾರೆ. ಹೀಗಾಗಿ ಜಯನಗರ, ಕುವೆಂಪುನಗರದ ಕಡೆಯ ಸಂಸಾರವಂದಿಗರಿಗೆ ಮನೆ ಹತ್ತಿರವೇ ಎರಡು ದಿಕ್ಕಿನ ಪ್ರಯಾಣ ಸಿಕ್ಕಿದೆ: ಉತ್ತರಕ್ಕೆ ಬೆಂಗಳೂರು, ದಕ್ಷಿಣಕ್ಕೆ ಚಾಮರಾಜನಗರ.

ಊರಿನ ಕತೆ ಮಾತ್ರ ನಿಲ್ದಾಣದ ಕತೆಗಿಂತ ದೊಡ್ಡದು. ಹಿಂದೆ ಆದಿಕರ್ನಾಟಕಪುರ ಎಂದು ಕರೆಸಿಕೊಳ್ಳುತ್ತಿದ್ದ ಈ ಬಡಾವಣೆ ಮೈಸೂರಿನ ದಲಿತರ ಬದುಕಿನ ಕೇಂದ್ರ. ಇಲ್ಲಿನ ಅಂಬೇಡ್ಕರ್ ಉದ್ಯಾನವನ ವಾಕಿಂಗ್ ಹೋಗುವ ಪಾರ್ಕಷ್ಟೇ ಅಲ್ಲ, ಸಭೆ, ಮಾತುಕತೆ, ಹೋರಾಟಗಳಿಗೆ ಜನ ಸೇರುವ ಅಂಗಳವೂ ಹೌದು. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿ ಬಂತೆಂದರೆ ಬೀದಿಬೀದಿಗಳಲ್ಲಿ ನೀಲಿ ಬಾವುಟ, ಮೆರವಣಿಗೆ, ರಾತ್ರಿಯವರೆಗೂ ತಮಟೆ. ಆರು ಸಲ ಚಾಮರಾಜನಗರದಿಂದ ಲೋಕಸಭೆಗೆ ಆಯ್ಕೆಯಾದ, ಕೇಂದ್ರದಲ್ಲೂ ರಾಜ್ಯದಲ್ಲೂ ಮಂತ್ರಿಯಾಗಿದ್ದ ವಿ. ಶ್ರೀನಿವಾಸಪ್ರಸಾದ್ ಇಲ್ಲೇ ಹುಟ್ಟಿ ಬೆಳೆದವರು. 2024ರ ಏಪ್ರಿಲ್ 29ರಂದು ಅವರು ತೀರಿಕೊಂಡಾಗ ಅಶೋಕಪುರಂ ತನ್ನ ಮನೆಯ ಹಿರಿಯನನ್ನೇ ಕಳೆದುಕೊಂಡಿತು. ಓದು, ಸರ್ಕಾರಿ ನೌಕರಿ, ರಾಜಕೀಯ ಪ್ರಜ್ಞೆ ಈ ಮೂರನ್ನೂ ಹಟ ಹಿಡಿದು ಗಳಿಸಿಕೊಂಡ ಊರು ಇದು. ಮೈಸೂರನ್ನು ಅರಮನೆ, ಮಲ್ಲಿಗೆ, ದಸರಾಗಳಲ್ಲೇ ಮುಗಿಸಿಬಿಡುವ ಪ್ರವಾಸಿ ಪುಸ್ತಕಗಳು ಇದರತ್ತ ತಿರುಗಿಯೂ ನೋಡುವುದಿಲ್ಲ. ಅದು ತಪ್ಪು ಎಂದೇ ನನ್ನ ಭಾವನೆ.

ನಿಲ್ದಾಣದ ಮಗ್ಗುಲಲ್ಲೇ ರೈಲ್ವೆ ವರ್ಕ್‌ಶಾಪ್ ಇದೆ. ಮೈಸೂರು ಸಂಸ್ಥಾನದ ರೈಲ್ವೆ 1924ರಲ್ಲಿ ಇದನ್ನು ಶುರುಮಾಡಿತು. ಆಗ ಓಡುತ್ತಿದ್ದದ್ದು ಮೀಟರ್‌ಗೇಜ್ ಗಾಡಿಗಳು. ಎಂಜಿನ್ನು, ಬೋಗಿ, ಗೂಡ್ಸ್ ಡಬ್ಬಿ ಎಲ್ಲದರ ರಿಪೇರಿ ಇಲ್ಲೇ ಆಗುತ್ತಿತ್ತು. 1951ರ ಏಪ್ರಿಲ್ 14ರಂದು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಲ್ಲಿ ಹುಟ್ಟಿದ ನೈಋತ್ಯ ರೈಲ್ವೆಗೆ ವರ್ಕ್‌ಶಾಪ್ ಆಮೇಲೆ ಬಂತು. ಈಗ ಇಲ್ಲಿ ನಡೆಯುವ ಮುಖ್ಯ ಕೆಲಸ ಬ್ರಾಡ್‌ಗೇಜ್ ಬೋಗಿಗಳ ಪಿಒಎಚ್, ಅಂದರೆ ಗೊತ್ತಾದ ಅವಧಿಗೊಮ್ಮೆ ಮಾಡಲೇಬೇಕಾದ ಪೂರ್ತಿ ರಿಪೇರಿ. ಕ್ರೇನಿನಿಂದ ಬೋಗಿಯ ಮೈಯನ್ನು ಎತ್ತಿ, ಕೆಳಗಿನ ಗಾಲಿ ಚೌಕಟ್ಟನ್ನು ಬೇರೆ ಮಾಡುತ್ತಾರೆ. ಸವೆದ ಗಾಲಿಯನ್ನು ಲೇತ್‌ಗೆ ಕೊಟ್ಟು ದುಂಡಗೆ ಮಾಡುತ್ತಾರೆ. ಸ್ಪ್ರಿಂಗು, ಬ್ರೇಕು, ಬೇರಿಂಗು, ವೈರಿಂಗು, ಸೀಟು, ಕಕ್ಕಸು, ನೀರಿನ ಟ್ಯಾಂಕು ಒಂದೊಂದನ್ನೂ ಪರೀಕ್ಷಿಸಿ, ಬಣ್ಣ ಬಳಿದು ಹೊರಗೆ ಕಳಿಸುತ್ತಾರೆ. ನಾವು ಕಿಟಕಿ ಪಕ್ಕ ನೆಮ್ಮದಿಯಾಗಿ ಕೂತು ಹೋಗುವುದರ ಹಿಂದೆ ಈ ಗೋಡೆಯಾಚೆಯವರ ಬೆವರಿದೆ. ಮಕ್ಕಳನ್ನು ಕರೆದುಕೊಂಡು ರೈಲು ಹತ್ತುವ ಮೊದಲು ಈ ಮಾತನ್ನು ಅವರ ಕಿವಿಗೆ ಹಾಕುವುದು ಒಳ್ಳೆಯದು.

ಸಂಸಾರದ ಪ್ರವಾಸ ಈಗ ರೈಲಿಗಷ್ಟೇ ನಿಂತಿಲ್ಲ, ಹಡಗಿನಲ್ಲಿ ಮನೆಮಂದಿಯೆಲ್ಲ ಹೋಗುವ ರೂಢಿ ನಮ್ಮಲ್ಲೂ ಬಂದಿದೆ. ಮುಂಬೈಯಿಂದಲೋ ಚೆನ್ನೈಯಿಂದಲೋ ಹೊರಡುವ ಕಾರ್ಡೇಲಿಯಾ ಹಡಗು, ಸಿಂಗಪುರದಿಂದ ಹೊರಡುವ ಇನ್ನೊಂದು ಹಡಗು, ಇವೆರಡರಲ್ಲಿ ಯಾವುದು ವಾಸಿ ಎಂಬ ಚರ್ಚೆ ಮದುವೆಮನೆಗಳಲ್ಲೂ ಕೇಳಿಬರುತ್ತದೆ. ಹೋಗಿ ಬಂದವರು ತೂಗಿ ನೋಡುವ ಸಂಗತಿಗಳು ಹೆಚ್ಚುಕಡಿಮೆ ಒಂದೇ. ಮನೆಯವರೆಲ್ಲ ಒಟ್ಟಿಗೆ ಇರಲು ಆಯಿತೆ? ವಯಸ್ಸಾದವರಿಗೆ ತ್ರಾಸವಾಯಿತೆ? ಮಕ್ಕಳಿಗೆ ಬೇಸರ ಬಂತೆ? ಊಟ ಹಿಡಿಸಿತೆ? ಇಳಿದ ಕಡೆ ನೋಡುವಂಥದ್ದು ಏನಾದರೂ ಇತ್ತೆ? ಹಳಿಯ ಮೇಲೂ ಅಂಥ ಐಷಾರಾಮದ ಪ್ರವಾಸ ಕರ್ನಾಟಕದಲ್ಲಿದೆ. 2008ರಲ್ಲಿ ಶುರುವಾದ ಗೋಲ್ಡನ್ ಚಾರಿಯಟ್ ರೈಲಿನ ಬೋಗಿಗಳಿಗೆ ಕದಂಬ, ಹೊಯ್ಸಳ, ರಾಷ್ಟ್ರಕೂಟ ಎಂದು ರಾಜವಂಶಗಳ ಹೆಸರಿಟ್ಟಿದ್ದಾರೆ. ಶುರುವಾದಾಗ ಮಲಗುವ ಕೋಣೆ 44 ಇದ್ದವು. ಅದರ ದರ ಸಾಮಾನ್ಯ ಸಂಸಾರದ ಕೈಗೆ ಎಟುಕುವಂಥದ್ದಲ್ಲ. ಆದರೆ ಆ ಪ್ರಶ್ನೆಗಳು ಯಾರ ಸ್ವತ್ತೂ ಅಲ್ಲ. ಅವನ್ನೇ ಇಟ್ಟುಕೊಂಡು ಅಶೋಕಪುರಂನ ಎರಡು ಹಾದಿಗಳನ್ನು ನಾನು ಹೋಲಿಸಿ ನೋಡಿದ್ದೇನೆ. ಎರಡರಲ್ಲೂ ಅವ್ವನನ್ನೂ ಮಕ್ಕಳನ್ನೂ ಕಟ್ಟಿಕೊಂಡು ಓಡಾಡಿದವರ ಮಾತು ಇದು.

ಮೊದಲು ಉತ್ತರದ ಹಾದಿ. ಮೈಸೂರಿನಿಂದ ಬೆಂಗಳೂರಿಗೆ 139 ಕಿಲೋಮೀಟರ್, ಜೋಡಿ ಹಳಿ, ವಿದ್ಯುತ್ ಎಂಜಿನ್. ಎಕ್ಸ್‌ಪ್ರೆಸ್ ಗಾಡಿ ಸಿಕ್ಕರೆ ಮೂರು ಗಂಟೆಯ ಆಸುಪಾಸು. ಅಶೋಕಪುರಂನಲ್ಲೇ ಹತ್ತಿದವರಿಗೆ ಇರುವ ದೊಡ್ಡ ಅನುಕೂಲವೆಂದರೆ ಜಂಕ್ಷನ್ನಿನ ನೂಕುನುಗ್ಗಲು ಶುರುವಾಗುವ ಹೊತ್ತಿಗೆ ಚೀಲ ಮೇಲಿಟ್ಟು, ಅಜ್ಜಿಯನ್ನು ಕೂರಿಸಿ, ನೀರಿನ ಬಾಟಲಿ ತೆಗೆದಿಟ್ಟು ಆಗಿರುತ್ತದೆ.

ಶ್ರೀರಂಗಪಟ್ಟಣದ ಹತ್ತಿರ ಮಕ್ಕಳನ್ನು ಕಿಟಕಿಗೆ ಕರೆಯಬೇಕು. ಹಳಿ ಕಾವೇರಿಯ ಒಂದು ಕವಲು ದಾಟಿ ದ್ವೀಪಕ್ಕೆ ಹೋಗುತ್ತದೆ, ಕೋಟೆಯೊಳಗೆ ಹಾದು ಇನ್ನೊಂದು ಕವಲು ದಾಟಿ ಹೊರಬರುತ್ತದೆ. ಇಲ್ಲಿ ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಅದನ್ನು ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಸುಮಾರು 130 ಮೀಟರ್ ಆಚೆಗೆ ಸರಿಸಿದರು. ಇಟ್ಟಿಗೆ ಗಾರೆಯ ಹಳೆಯ ಕಟ್ಟಡ ನೆಲ ಬಿಟ್ಟು ನಡೆಯಿತು ಎಂದರೆ ಮಕ್ಕಳು ಮೊದಲು ನಂಬುವುದಿಲ್ಲ. ನಂಬಿದ ಮೇಲೆ ಪ್ರಶ್ನೆಗಳು ನಿಲ್ಲುವುದಿಲ್ಲ. ಮುಂದೆ ಮಂಡ್ಯದ ಕಬ್ಬಿನ ಗದ್ದೆ, ಮದ್ದೂರು ವಡೆಯ ಕೂಗು, ಚನ್ನಪಟ್ಟಣ, ರಾಮನಗರದ ಬಂಡೆ ಬೆಟ್ಟ. ಬಿಡದಿ ದಾಟಿದ ಮೇಲೆ ಕಿಟಕಿಯಲ್ಲಿ ನೋಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ, ಬರೀ ಬೆಂಗಳೂರು.

ತೊಂದರೆ ಇರುವುದು ಬೇರೆ ಕಡೆ. ಈ ಹಾದಿಯಲ್ಲಿ ಹೆಚ್ಚಿನವರು ಕೆಲಸಕ್ಕೆ ಹೋಗುವವರು, ಕಾಲೇಜಿಗೆ ಹೋಗುವವರು, ಆಸ್ಪತ್ರೆಗೆ ಹೊರಟವರು. ಅವರ ಅವಸರ ಡಬ್ಬಿಯ ತುಂಬ ಇರುತ್ತದೆ. ಮುಂಗಡ ಕಾದಿರಿಸದಿದ್ದರೆ ಮಂಡ್ಯ ದಾಟುವ ಹೊತ್ತಿಗೆ ನಿಲ್ಲಲೂ ಜಾಗವಿರುವುದಿಲ್ಲ. ಕಾದಿರಿಸಿದರೂ ಸೀಟುಗಳು ಒಂದು ಇಲ್ಲಿ, ಒಂದು ಅಲ್ಲಿ ಸಿಗುವುದುಂಟು. ಒಂದು ಸಲ ನಮ್ಮವ್ವ ಆ ಕೊನೆಯಲ್ಲಿ, ಮಕ್ಕಳು ಈ ಕೊನೆಯಲ್ಲಿ. ಬುತ್ತಿ ಯಾರ ಹತ್ತಿರ ಇತ್ತೋ ಅವರು ಉಂಡರು. ತಲುಪುವುದೇ ಮುಖ್ಯವಾದ ಪ್ರಯಾಣಕ್ಕೆ ಉತ್ತರದ ಹಾದಿಗೆ ಸಾಟಿಯಿಲ್ಲ. ದಾರಿಯೇ ಮುಖ್ಯವಾದವರಿಗೆ ಅದು ಅಷ್ಟು ಒಗ್ಗುವುದಿಲ್ಲ.

ದಕ್ಷಿಣದ ಹಾದಿ ಸಣ್ಣದು. ಮೈಸೂರಿನಿಂದ ಚಾಮರಾಜನಗರಕ್ಕೆ ಸುಮಾರು 60 ಕಿಲೋಮೀಟರ್, ಒಂಟಿ ಹಳಿ. ನಂಜನಗೂಡಿನವರೆಗೆ 19ನೇ ಶತಮಾನದ ಕೊನೆಯ ದಶಕದಲ್ಲೇ ರೈಲು ಬಂತು. ಅಲ್ಲಿಂದ ಚಾಮರಾಜನಗರಕ್ಕೆ 1926ರಲ್ಲಿ. ಬ್ರಾಡ್‌ಗೇಜ್ ಆಗಿ ಗಾಡಿ ಮತ್ತೆ ಓಡತೊಡಗಿದ್ದು 2008ರ ಹೊತ್ತಿಗೆ.

ಅಶೋಕಪುರಂ ಬಿಟ್ಟ ಸ್ವಲ್ಪ ಹೊತ್ತಿಗೆ ಎಡಗಡೆ ಚಾಮುಂಡಿಬೆಟ್ಟ ಕಾಣುತ್ತದೆ. ಪೇಟೆಯಿಂದ ಕಾಣುವ ಬೆಟ್ಟವಲ್ಲ ಇದು, ಬೇರೆ ಮಗ್ಗುಲು. ಕಡಕೊಳ, ತಾಂಡವಪುರ, ಸುಜಾತಪುರಂ ಎಂದು ಗಾಡಿ ನಿಧಾನವಾಗಿ ನಿಂತು ನಿಂತು ಸಾಗುತ್ತದೆ. ಹಳ್ಳಿಯವರು ತರಕಾರಿ ಮೂಟೆ, ಹೂವಿನ ಬುಟ್ಟಿ ಇಟ್ಟುಕೊಂಡು ಹತ್ತುತ್ತಾರೆ, ಇಳಿಯುತ್ತಾರೆ. ಸೀಟುಗಳು ಎದುರುಬದುರು. ನಾಲ್ಕು ಜನ ಈ ಕಡೆ, ನಾಲ್ಕು ಜನ ಆ ಕಡೆ ಕೂತರೆ ಒಂದು ಮನೆಯೇ ಆಯಿತು. ಪಕ್ಕದವರು ಮಗುವನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು "ಯಾವೂರವ್ವಾ ನಿಮ್ದು?" ಎಂದು ಅವ್ವನನ್ನು ಕೇಳುವುದು, ಎರಡು ನಿಲ್ದಾಣ ಕಳೆಯುವುದರೊಳಗೆ ಯಾವುದೋ ನಂಟು ಪತ್ತೆಯಾಗುವುದು, ಇವೆಲ್ಲ ಈ ಗಾಡಿಯಲ್ಲಿ ಇವತ್ತಿಗೂ ನಡೆಯುತ್ತವೆ. ಡಬ್ಬಿ ಬಿಚ್ಚಿದರೆ ಚಿತ್ರಾನ್ನ ಎಲ್ಲರಿಗೂ ಒಂದೊಂದು ತುತ್ತು.

ನಂಜನಗೂಡಿಗೆ ಮೊದಲು ಕಪಿಲೆ. ಹೊಳೆಯ ಮೇಲೆ ಈಗಿನ ಸೇತುವೆಯ ಜೊತೆಗೆ ಹಳೆಯ ಕಲ್ಲಿನ ಸೇತುವೆಯೂ ಇದೆ. ದಳವಾಯಿ ದೇವರಾಜ 1735ರಲ್ಲಿ ಕಟ್ಟಿಸಿದ್ದು. ರೈಲು ಎಂಬ ವಸ್ತುವೇ ಲೋಕದಲ್ಲಿ ಇಲ್ಲದ ಕಾಲದ ಆ ಸೇತುವೆಯ ಮೇಲೆ ಆಮೇಲೆ ಮೀಟರ್‌ಗೇಜ್ ಹಳಿ ಹಾಕಿದರು. ಅದೇ ಸೇತುವೆ ಎತ್ತಿನ ಗಾಡಿಯನ್ನೂ ರೈಲನ್ನೂ ಹೊತ್ತಿತು. ಬ್ರಾಡ್‌ಗೇಜ್ ಬಂದ ಮೇಲೆ ಹಳೆಯದಕ್ಕೆ ವಿಶ್ರಾಂತಿ ಸಿಕ್ಕಿದೆ. ದೇಶದ ಅತಿ ಹಳೆಯ ರೈಲು ಸೇತುವೆಗಳ ಮಾತು ಬಂದಾಗಲೆಲ್ಲ ಇದರ ಹೆಸರು ಬರುತ್ತದೆ. ಅಂಥದ್ದನ್ನು ಗಾಡಿ ದಾಟುವ ಅರೆನಿಮಿಷದಲ್ಲಿ ನೋಡಿ ಮುಗಿಸಬಾರದು. ಇಳಿದು ಹೊಳೆದಂಡೆಗೆ ನಡೆದುಹೋಗಿ ಕಮಾನುಗಳನ್ನು ಕಣ್ತುಂಬ ನೋಡಬೇಕು. ಶ್ರೀಕಂಠೇಶ್ವರನ ಗುಡಿ, ಸ್ನಾನಘಟ್ಟ ಎಲ್ಲ ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ. ಅದೃಷ್ಟವಿದ್ದರೆ ರಸಬಾಳೆ ಸಿಗುತ್ತದೆ. ದೇವರಸನಹಳ್ಳಿ ಸುತ್ತಿನ ಮಣ್ಣಿನಲ್ಲಿ ಬೆಳೆಯುವ ಈ ಹಣ್ಣು ಪನಾಮ ರೋಗದಿಂದ ಕಮ್ಮಿಯಾಗುತ್ತ ಬಂದಿದೆ. ಹಾಗಾಗಿ ಕೊಳ್ಳುವ ಮೊದಲು ನಿಜವಾದ ರಸಬಾಳೆಯೇ ಎಂದು ವಿಚಾರಿಸಬೇಕು.

ಹೆಚ್ಚಿನ ಕುಟುಂಬಗಳು ನಂಜನಗೂಡಿನಲ್ಲೇ ಇಳಿದು ಸಂಜೆಯ ಗಾಡಿಗೆ ಹಿಂತಿರುಗುತ್ತವೆ. ಹಾಗೆ ಮಾಡುವವರಿಗೆ ಮುಂದಿನ ಹಾದಿ ತಪ್ಪಿಹೋಗುತ್ತದೆ. ಬದನವಾಳು ಈ ಹಾದಿಯ ಊರು. ಅಲ್ಲಿನ ಖಾದಿ ಕೇಂದ್ರದಲ್ಲಿ ದಲಿತ ಹೆಣ್ಣುಮಕ್ಕಳು ನೂಲು ತೆಗೆದು, ಮಗ್ಗ ನಡೆಸಿ ಬದುಕು ಕಟ್ಟಿಕೊಂಡರು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ಹೂಡಿದ್ದೂ ಅಲ್ಲೇ. ದೇವಸ್ಥಾನ ಪ್ರವೇಶದ ವಿವಾದದ ಬೆನ್ನಿಗೆ 1993ರಲ್ಲಿ ಮೂವರು ದಲಿತರನ್ನು ಕೊಂದ ಊರೂ ಅದೇ. ಅಶೋಕಪುರಂನ ಹಿರಿಯರು ಆ ದಿನಗಳನ್ನು ಮರೆತಿಲ್ಲ. ಪ್ರವಾಸ ಎಂದರೆ ಬರೀ ಚೆಂದದ್ದನ್ನು ತೋರಿಸುವುದು ಎಂದುಕೊಂಡರೆ ಮಕ್ಕಳಿಗೆ ನಾವು ಅರ್ಧ ಊರನ್ನು ಮಾತ್ರ ತೋರಿಸಿದಂತೆ. ಎಷ್ಟು ವಯಸ್ಸಿಗೆ ಎಷ್ಟು ಹೇಳಬೇಕು ಎಂಬುದು ಹೆತ್ತವರಿಗೆ ಬಿಟ್ಟದ್ದು, ಆದರೆ ಹೇಳಬೇಕು.

ಕವಲಂದೆ ದಾಟಿದ ಮೇಲೆ ಬಯಲು ಬಿಚ್ಚಿಕೊಳ್ಳುತ್ತದೆ. ಅರಿಸಿನ, ಬಾಳೆ, ಜೋಳ, ಕಾಲಕ್ಕೆ ತಕ್ಕಂತೆ ಚೆಂಡುಹೂವು. ಗಾಡಿ ನಿಲ್ಲುವ ಕೊನೆಯ ಊರು ಚಾಮರಾಜನಗರ. ಅರಿಕುಠಾರ ಎಂದಿದ್ದ ಊರಿಗೆ ಅಲ್ಲೇ ಹುಟ್ಟಿದ ತನ್ನ ತಂದೆಯ ಹೆಸರನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಇಟ್ಟರು. 1826ರಲ್ಲಿ ಚಾಮರಾಜೇಶ್ವರ ಗುಡಿ ಕಟ್ಟಿಸಿದರು. ಆಷಾಢದ ತೇರಿಗೆ ಹೊಸದಾಗಿ ಮದುವೆಯಾದ ಜೋಡಿಗಳು ಬಂದು ಹಣ್ಣು ಜವನ ಎಸೆಯುತ್ತಾರೆ. ತವರಿಗೆ ಹೋದ ಹೆಂಡತಿಯನ್ನೂ ಊರಲ್ಲುಳಿದ ಗಂಡನನ್ನೂ ಆಷಾಢದಲ್ಲೇ ಒಂದೆಡೆ ಸೇರಿಸುವ ಜಾತ್ರೆ ಅದು. ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವವರು ಇಲ್ಲಿಂದ ಬಸ್ಸು ಹಿಡಿಯಬೇಕು. ಹಳಿಯನ್ನು ಮುಂದೆ ಸತ್ಯಮಂಗಲದ ಮೂಲಕ ಮೆಟ್ಟುಪಾಳ್ಯಕ್ಕೆ ಒಯ್ಯುವ ಮಾತು ಬಹಳ ಹಳೆಯದು. ಕಾಡು, ಆನೆಗಳ ದಾರಿ ಅಡ್ಡ ಇರುವುದರಿಂದ ಅದು ಮುಂದುವರಿದಿಲ್ಲ. ಅದು ಅಲ್ಲೇ ನಿಲ್ಲಲಿ ಎನ್ನುವವರ ಪಕ್ಷ ನನ್ನದು.

ಊಟ, ಒಟ್ಟಿಗೆ ಕೂರುವ ಸುಖ, ವಯಸ್ಸಾದವರ ನೆಮ್ಮದಿ, ಇಳಿದ ಮೇಲೆ ನೋಡುವ ಜಾಗ, ಖರ್ಚು ಯಾವುದನ್ನು ತೂಗಿದರೂ ಸಂಸಾರದ ಪ್ರವಾಸಕ್ಕೆ ದಕ್ಷಿಣದ ಹಾದಿಯೇ ಮೇಲು. ಅದರ ಕೊರತೆ ಒಂದೇ, ಗಾಡಿಗಳು ಕಡಿಮೆ. ಒಂದು ತಪ್ಪಿದರೆ ಇನ್ನೊಂದಕ್ಕೆ ಬಹಳ ಹೊತ್ತು ಕಾಯಬೇಕು. ಬೆಂಗಳೂರಿನಿಂದ ಅಶೋಕಪುರಂವರೆಗೆ ಬಂದ ರೈಲುಗಳಲ್ಲಿ ಕೆಲವನ್ನಾದರೂ ರಜೆಯ ದಿನಗಳಲ್ಲಿ, ಜಾತ್ರೆ ತೇರುಗಳ ಕಾಲದಲ್ಲಿ ನಂಜನಗೂಡಿನವರೆಗೆ ಒಯ್ದರೆ ಸಾವಿರಾರು ಕುಟುಂಬಗಳಿಗೆ ಅನುಕೂಲವಾಗುತ್ತದೆ. ನಿಲ್ದಾಣ ಬೆಳೆಯುತ್ತಿರುವ ಈ ಹೊತ್ತಿನಲ್ಲಿ ಸಂಬಂಧಪಟ್ಟವರು ಇದನ್ನು ಗಮನಕ್ಕೆ ತೆಗೆದುಕೊಳ್ಳಬೇಕು.

ಓದುಗರಲ್ಲಿ ಕೇಳಿಕೊಳ್ಳುವುದು ಇಷ್ಟೆ. ಮುಂದಿನ ರಜೆಯಲ್ಲಿ ಬೆಳಗಿನ ಚಾಮರಾಜನಗರದ ಗಾಡಿ, ಹಿಂತಿರುಗುವ ಸಂಜೆಯ ಗಾಡಿ ಎರಡರ ಸಮಯವನ್ನೂ ಮೊದಲೇ ವಿಚಾರಿಸಿಕೊಳ್ಳಿ. ಸ್ವಲ್ಪ ಬೇಗ ಹೊರಟು ಅಂಬೇಡ್ಕರ್ ಉದ್ಯಾನವನದಲ್ಲಿ ಒಂದು ಸುತ್ತು ಹಾಕಿ. ಬುತ್ತಿ ಕಟ್ಟಿಕೊಳ್ಳಿ, ಮನೆಯ ಹಿರಿಯರನ್ನು ಬಿಟ್ಟು ಹೋಗಬೇಡಿ, ಹೋಗುವಾಗ ಎಡಗಡೆಯ ಕಿಟಕಿ ಹಿಡಿಯಿರಿ.