ನರೆಗೆ ಬಣ್ಣ ಬಂದ ಬಗೆ

ಬಿಳಿಗೂದಲಿನಲ್ಲಿ ಬಿಳಿ ಬಣ್ಣವೆಂಬುದು ಇರುವುದೇ ಇಲ್ಲ. ಕೂದಲಿನ ಬುಡದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ತಯಾರಿಸುವ ಜೀವಕೋಶಗಳಿದ್ದು, ಕೂದಲು ಬೆಳೆದಂತೆಲ್ಲ ಅವು ಅದರೊಳಗೆ ಕಪ್ಪನ್ನು ತುಂಬುತ್ತವೆ. ವಯಸ್ಸಾದಂತೆ ಈ ಕೋಶಗಳಿಗೆ ಹುಟ್ಟು ಕೊಡುವ ಕಾಂಡಕೋಶಗಳ ದಾಸ್ತಾನು ಬರಿದಾಗುತ್ತದೆ. ಆಮೇಲೆ ಹುಟ್ಟುವುದು ಕೆರಾಟಿನ್ ಪ್ರೋಟೀನಿನ ಬಣ್ಣವಿಲ್ಲದ ಎಳೆ; ಬೆಳಕು ಚದುರಿ ಅದು ಬೆಳ್ಳಗೆ ಕಾಣುತ್ತದೆ. ಬೂದುಗೂದಲೂ ಬಹುಮಟ್ಟಿಗೆ ಕಣ್ಣಿನ ಮೋಸವೇ: ಕಪ್ಪು ಎಳೆ, ಬಿಳಿ ಎಳೆ ಬೆರೆತು ದೂರಕ್ಕೆ ಹಾಗೆ ತೋರುತ್ತವೆ. ಇದು ಯಾವ ವಯಸ್ಸಿಗೆ ಶುರುವಾಗುತ್ತದೆ ಎಂಬುದು ಮುಖ್ಯವಾಗಿ ಅಪ್ಪ ಅಮ್ಮನಿಂದ ಬಂದ ಆಸ್ತಿ. ಏಷ್ಯಾದವರಲ್ಲಿ 25ಕ್ಕೆ ಮೊದಲೇ ಕಂಡರೆ ವೈದ್ಯರು ಅಕಾಲಿಕ ಎನ್ನುತ್ತಾರೆ, ಮನೆಯಲ್ಲಿ ಬಾಲನೆರೆ ಎನ್ನುತ್ತಾರೆ. ಬಿ12 ಕೊರತೆಯೋ ಥೈರಾಯ್ಡ್ ತೊಂದರೆಯೋ ಇದೆಯೇ ಎಂದು ಆಗ ನೋಡಿಸುವುದು ಲೇಸು. ಒಂದು ಕಿತ್ತರೆ ಹತ್ತು ಹುಟ್ಟುತ್ತವೆ ಎಂಬ ಮಾತಿಗೆ ಆಧಾರವಿಲ್ಲ. ಕಿತ್ತ ಜಾಗದಲ್ಲಿ ಹುಟ್ಟುವುದು ಒಂದೇ, ಸಾಮಾನ್ಯವಾಗಿ ಅದೂ ಬಿಳಿಯದೇ.

ಹಳೆಯ ಸಾಹಿತ್ಯದಲ್ಲಿ ನರೆ ಎಂದರೆ ಮೇಲಿನಿಂದ ಬಂದ ಓಲೆ. ಮಖಾದೇವ ಜಾತಕದ ಮಿಥಿಲೆಯ ದೊರೆ, ತಲೆಯಲ್ಲಿ ಬಿಳಿಗೂದಲು ಕಂಡ ದಿನ ತಿಳಿಸಬೇಕೆಂದು ಕ್ಷೌರಿಕನಿಗೆ ಹೇಳಿಟ್ಟಿರುತ್ತಾನೆ. ಅವನು ಅದನ್ನು ಕಿತ್ತು ಅಂಗೈಯಲ್ಲಿಟ್ಟದ್ದೇ ತಡ, ದೊರೆ ಮಗನಿಗೆ ಪಟ್ಟ ಕಟ್ಟಿ ಹೊರಟುಬಿಡುತ್ತಾನೆ. ಕಾಳಿದಾಸನ ರಘುವಂಶದಲ್ಲಿ ಮುಪ್ಪು ನರೆಯ ವೇಷದಲ್ಲಿ ದಶರಥನ ಕಿವಿಯ ಬಳಿ ಬಂದು, ರಾಮನಿಗೆ ರಾಜ್ಯ ವಹಿಸು ಎಂದು ಪಿಸುಗುಡುತ್ತದೆ. ಬಸವಣ್ಣನವರ ಹೆಸರಾಂತ ವಚನವೊಂದು ಶುರುವಾಗುವುದೇ ಕೆನ್ನೆಗಿಳಿದ ನರೆಯಿಂದ. ಓಲೆ ತಲುಪಿದ ಮೇಲೆ ಮಾಡಬೇಕಾದದ್ದೇನು ಎಂಬುದರಲ್ಲಿ ಇವರಾರಿಗೂ ಗೊಂದಲವಿಲ್ಲ.

ಓಲೆಯನ್ನು ಮಡಚಿ ಬಚ್ಚಿಡುವವರೂ ಆಗಲೇ ಇದ್ದರು. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಸುಗಂಧದ್ರವ್ಯಗಳ ಅಧ್ಯಾಯವನ್ನು ಆರಂಭಿಸುವುದು ತಲೆಗೂದಲ ಬಣ್ಣದಿಂದ: ತಲೆ ಬೆಳ್ಳಗಿದ್ದವನಿಗೆ ಹೂಮಾಲೆ, ಒಡವೆ ಯಾವುದೂ ಒಪ್ಪುವುದಿಲ್ಲವೆಂಬುದು ಅವನ ಮತ. ಅವನು ಕೊಡುವ ಪಾಕ ಹೀಗಿದೆ. ಹಾರಕದ ಅಕ್ಕಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಹುಳಿಗಂಜಿಯೊಂದಿಗೆ ಬೇಯಿಸಿ, ಕಬ್ಬಿಣದ ಪುಡಿ ಸೇರಿಸಿ ನುಣ್ಣಗೆ ಅರೆದು ತಲೆಗೆ ಮೆತ್ತಬೇಕು. ಹಸಿ ಎಲೆ ಸುತ್ತಿ ಎರಡು ಜಾವ ಕೂರಬೇಕು. ಅದನ್ನು ತೆಗೆದು ನೆಲ್ಲಿಕಾಯಿಯ ಲೇಪ ಹಚ್ಚಿ ಮತ್ತೆ ಎರಡು ಜಾವ. ಅಂದರೆ ಒಟ್ಟು 12 ಗಂಟೆ. ಇದರಲ್ಲಿ ಮಂತ್ರವಿಲ್ಲ, ರಸಾಯನವಿದೆ. ಹುಳಿಯಲ್ಲಿ ಕರಗಿದ ಕಬ್ಬಿಣ ನೆಲ್ಲಿಯ ಒಗರಾದ ಟ್ಯಾನಿನ್ ಜೊತೆ ಸೇರಿದರೆ ಕಪ್ಪಾಗುತ್ತದೆ. ಹಿಂದೆ ಬರೆಯುವ ಶಾಯಿ ತಯಾರಾಗುತ್ತಿದ್ದುದೂ ಇದೇ ದಾರಿಯಲ್ಲಿ. ಕರ್ನಾಟಕದ ಮನೆಗಳಲ್ಲಿ ಇಂದಿಗೂ ಗೋರಂಟಿ ಪುಡಿಯನ್ನು ಚಹಾ ಡಿಕಾಕ್ಷನ್ನಿನಲ್ಲಿ ಕಲಸಿ ಕಬ್ಬಿಣದ ಬಾಣಲೆಯಲ್ಲೇ ರಾತ್ರಿಯಿಡೀ ನೆನೆಸುತ್ತಾರೆ. ಸ್ಟೀಲ್ ಪಾತ್ರೆ ಏಕೆ ಆಗದು ಎಂದು ಕೇಳಿದರೆ ಉತ್ತರ ಸಿಗಲಿಕ್ಕಿಲ್ಲ. ಬಾಣಲೆ ಮಾತ್ರ ಬದಲಾಗಿಲ್ಲ.

ಗೋರಂಟಿ, ಅಂದರೆ ಮದರಂಗಿ, ತಾನಾಗಿ ಕಪ್ಪು ಕೊಡುವುದಿಲ್ಲ. ಅದರ ಎಲೆಯಲ್ಲಿರುವ ಲಾಸೋನ್ ಎಂಬ ಅಂಶ ಕೆರಾಟಿನ್‌ಗೆ ಅಂಟಿ ಕೊಡುವುದು ಕೆಂಗಿತ್ತಳೆ. ಇಸ್ಲಾಮೀ ಸಂಪ್ರದಾಯದಲ್ಲಿ ನರೆಗೆ ಬಣ್ಣ ಹಾಕುವುದಕ್ಕೆ ಒಪ್ಪಿಗೆಯಿದ್ದರೂ ಅಪ್ಪಟ ಕಪ್ಪು ಬೇಡವೆಂಬ ಮಾತಿದೆ. ಹಿರಿಯರ ಗಡ್ಡ ಮದರಂಗಿಯಿಂದ ಕೆಂಪಗಾದದ್ದು ಹಾಗೆ. ಆ ಕೆಂಪು ಯಾರನ್ನೂ ನಂಬಿಸಲು ಹೊರಟಿದ್ದಲ್ಲ. ಕಪ್ಪು ಬೇಕಾದವರು ಮದರಂಗಿಯ ಮೇಲೆ ನೀಲಿಗಿಡದ ಎಲೆಯ ಪುಡಿ ಹಚ್ಚಿದರು. ಹಗಲೆಲ್ಲ ತಿನ್ನುವ ಈ ಕೆಲಸಕ್ಕೆ ಪುರುಸೊತ್ತು ಇದ್ದದ್ದು ಕೆಲವರಿಗೆ. ಉಳಿದವರಿಗೆ ತಲೆ ಬೆಳ್ಳಗಾಯಿತು ಎಂದರೆ ಆಯಿತು.

ಇದು ಬದಲಾದದ್ದು ಟಾರಿನಿಂದ. ಇಂಗ್ಲೆಂಡಿನ ವಿಲಿಯಂ ಪರ್ಕಿನ್ 1856ರಲ್ಲಿ, ಇನ್ನೂ 18ರ ಹುಡುಗ, ಕ್ವಿನೈನ್ ತಯಾರಿಸಲು ಹೋಗಿ ಕಲ್ಲಿದ್ದಲ ಟಾರಿನ ಅಂಶದಿಂದ ನೇರಳೆ ಬಣ್ಣ ಪಡೆದ. ಅದರ ಬೆನ್ನಿಗೆ ಬಂದ ಬಣ್ಣಗಳ ಸಾಲಿನಲ್ಲಿ ಪ್ಯಾರಾಫಿನಿಲೀನ್‌ಡೈಅಮೀನ್ ಎಂಬ ನಾಲಿಗೆ ತೊಡರುವ ವಸ್ತುವೂ ಇತ್ತು. ಪೆಟ್ಟಿಗೆಗಳ ಮೇಲೆ ಪಿಪಿಡಿ ಎಂದಿರುತ್ತದೆ. 1883ರಲ್ಲಿ ಫ್ರಾನ್ಸ್‌ನಲ್ಲಿ ಇದನ್ನು ಕೂದಲಿಗೆ ಬಳಸುವ ಪೇಟೆಂಟ್ ಆಯಿತು. 1907ರಲ್ಲಿ ಪ್ಯಾರಿಸ್ಸಿನ ಯುವ ರಸಾಯನಶಾಸ್ತ್ರಜ್ಞ ಯೂಜೀನ್ ಶ್ಯುಲರ್ ತನ್ನ ಬಣ್ಣವನ್ನು ತಯಾರಿಸಿ ಅಲ್ಲಿನ ಕೇಶ ವಿನ್ಯಾಸಕರಿಗೆ ಮಾರಿದ. 1909ರಲ್ಲಿ ಕಟ್ಟಿದ ಕಂಪನಿಗೆ ಅವನಿಟ್ಟ ಹೆಸರಿನ ಅರ್ಥ, ಕೂದಲಿಗೆ ನಿರಪಾಯಕಾರಿ ಬಣ್ಣಗಳ ಫ್ರೆಂಚ್ ಸಂಸ್ಥೆ. ನಿರಪಾಯ ಎಂದು ಬೋರ್ಡಿನಲ್ಲೇ ಬರೆಸಬೇಕಾಗಿ ಬಂದದ್ದು ಅದಕ್ಕೆ ಮುಂಚಿನ ಬಣ್ಣಗಳ ಕಥೆ ಹೇಳುತ್ತದೆ. ಸೀಸದ ಲವಣಗಳನ್ನು ತಲೆಗೆ ತಿಕ್ಕುವುದು ಗ್ರೀಕ್, ರೋಮನ್ ಕಾಲದಿಂದ ನಡೆದಿತ್ತು. ಆ ಕಂಪನಿಯೇ ಇಂದಿನ ಲೋರಿಯಲ್.

ಹೊಸ ಬಣ್ಣದ ಹೆಚ್ಚುಗಾರಿಕೆ ಇರುವುದು ಅದು ಕೂರುವ ಜಾಗದಲ್ಲಿ. ಗೋರಂಟಿ ಕೂದಲಿನ ಹೊರಮೈಯ ಸುತ್ತಮುತ್ತಲೇ ಹಿಡಿಯುತ್ತದೆ. ಪಿಪಿಡಿಯ ಅಣುಗಳು ಬಣ್ಣವಿಲ್ಲದ ಪುಟ್ಟ ಅಣುಗಳು. ಅಮೋನಿಯಾ ಕೂದಲಿನ ಹೊರ ಹುರುಪೆಗಳನ್ನು ಉಬ್ಬಿಸಿ ಬಾಗಿಲು ತೆರೆಯುತ್ತದೆ, ಅಣುಗಳು ಒಳಗೆ ನುಗ್ಗುತ್ತವೆ, ಹೈಡ್ರೋಜನ್ ಪೆರಾಕ್ಸೈಡ್ ಅವನ್ನು ಒಂದಕ್ಕೊಂದು ಬೆಸೆದು ಬಣ್ಣದ ದೊಡ್ಡ ಅಣುಗಳಾಗಿಸುತ್ತದೆ. ದೊಡ್ಡವಾದ ಮೇಲೆ ಬಂದ ದಾರಿಯಲ್ಲಿ ಹೊರಬರಲಾಗದು. ತೊಳೆದರೂ ಬಣ್ಣ ಹೋಗದಿರುವುದು ಇದರಿಂದ.

ಅಮೆರಿಕದಲ್ಲಿ 1950ರ ದಶಕದಲ್ಲಿ ಬಂದ ಮಿಸ್ ಕ್ಲೇರಾಲ್ ಈ ಕೆಲಸವನ್ನು ಒಂದೇ ಹಂತಕ್ಕೆ ಇಳಿಸಿ ಮನೆಯ ಬಚ್ಚಲಿಗೆ ತಂದಿತು. ಆಗ ಅಲ್ಲಿ ಬಣ್ಣ ಹಚ್ಚುವವರೆಂದರೆ ನಟಿಯರು ಎಂಬ ಭಾವನೆಯಿತ್ತು. 1956ರಲ್ಲಿ ಶರ್ಲಿ ಪಾಲಿಕಾಫ್ ಎಂಬ ಜಾಹೀರಾತು ಬರಹಗಾರ್ತಿ ಚಿತ್ರದಲ್ಲಿ ತಾಯಿಯ ಪಕ್ಕಕ್ಕೆ ಮಗುವನ್ನು ನಿಲ್ಲಿಸಿ, ಈಕೆ ಬಣ್ಣ ಹಚ್ಚುತ್ತಾಳೋ ಇಲ್ಲವೋ ಎಂಬ ಅನುಮಾನವನ್ನೇ ಘೋಷವಾಕ್ಯ ಮಾಡಿದಳು. ಗುಟ್ಟು ಕ್ಷೌರದಂಗಡಿಯವಳಿಗೆ ಮಾತ್ರ ಗೊತ್ತು ಎಂಬ ಧಾಟಿ. ಬಣ್ಣ ಕಾಣದಿರುವುದೇ ಅಲ್ಲಿಂದ ಮುಂದೆ ಸರಕಾಯಿತು. ಎಲ್ಲರ ಕಪ್ಪೂ ಅನುಮಾನದ ಕಪ್ಪಾದ ಮೇಲೆ ಬಿಳಿಯನ್ನು ಹಾಗೇ ಬಿಟ್ಟವರು ಕಾರಣ ಹೇಳಬೇಕಾಗಿ ಬಂತು.

ಭಾರತದಲ್ಲಿ ಗೋದ್ರೆಜ್ 1970ರ ದಶಕದಲ್ಲಿ ಹೇರ್ ಡೈ ಮಾರುಕಟ್ಟೆಗೆ ತಂದಿತು. ಆಮೇಲೆ ಅದನ್ನು ಊರೂರಿಗೆ ಮುಟ್ಟಿಸಿದ್ದು ಕಿರಾಣಿ ಅಂಗಡಿಯ ದಾರಕ್ಕೆ ತೂಗುಬಿದ್ದ ಸ್ಯಾಷೆ. ಪುಡಿಯಲ್ಲೇ ಎಲ್ಲವೂ ಇರುತ್ತದೆ, ನೀರು ಹಾಕಿ ಕಲಸಿದರೆ ಸಾಕು. ಭಾನುವಾರ ಬೆಳಿಗ್ಗೆ ಹಳೆಯ ಪೇಪರ್ ಹಾಸಿ, ತೂತು ಬಿದ್ದ ಬನಿಯನ್ ತೊಟ್ಟು, ಒಡೆದ ಪ್ಲಾಸ್ಟಿಕ್ ಬಟ್ಟಲಲ್ಲಿ ಪುಡಿ ಕಲಸಿ, ಸವೆದ ಟೂತ್‌ಬ್ರಷ್‌ನಿಂದ ಮೊದಲು ಮೀಸೆ, ಆಮೇಲೆ ಕೃತಾವು, ಕಡೆಗೆ ನಡುನೆತ್ತಿ. ಕಿವಿಯ ಹಿಂದಕ್ಕೆ ಕೈ ಎಟುಕದು, ಅದಕ್ಕೆ ಹೆಂಡತಿಯೋ ಮಗಳೋ ಬೇಕು. ಹಣೆಯಂಚಿಗೆ ಮೊದಲೇ ಕೊಬ್ಬರಿ ಎಣ್ಣೆ ಸವರದಿದ್ದರೆ ಎರಡು ದಿನ ಮಸಿಯ ಗೆರೆ ಉಳಿಯುತ್ತದೆ. ಬಚ್ಚಲ ಟೈಲ್ಸಿನ ಸಂದಿಯ ಕಪ್ಪು ಮಾತ್ರ ಮನೆ ಬಿಡುವವರೆಗೂ ಹೋಗದು.

ಕೆಲವರಿಗೆ ಮರುದಿನ ನೆತ್ತಿ ಕೆರೆಯುತ್ತದೆ, ರೆಪ್ಪೆ ಊದುತ್ತದೆ. ಅಮೆರಿಕದ ಸಂಪರ್ಕ ಚರ್ಮರೋಗ ತಜ್ಞರ ಸಂಘ 2006ರಲ್ಲಿ ಪಿಪಿಡಿಯನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. ವರ್ಷಗಟ್ಟಲೆ ಒಗ್ಗಿದ್ದ ಬಣ್ಣವೂ ಒಂದು ದಿನ ತಿರುಗಿ ಬೀಳಬಹುದು. ಮೊಣಕೈ ಮಡಿಕೆಗೋ ಕಿವಿಯ ಹಿಂದೆಯೋ ತುಸು ಹಚ್ಚಿ 48 ಗಂಟೆ ಕಾಯಿರಿ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಮದುವೆಗೆ ಹೊರಡುವ ಹಿಂದಿನ ರಾತ್ರಿ ಡೈ ತಂದವರಿಗೆ ಅದನ್ನು ಓದುವ ವ್ಯವಧಾನವೆಲ್ಲಿ? ಕಪ್ಪು ಮೆಹಂದಿ ಎಂದು ಮಾರುವ ಪುಡಿಯನ್ನು ಗಿಡಮೂಲಿಕೆಯೆಂದು ನಂಬಿ ಕೆಡುವವರೂ ಉಂಟು, ಅರ್ಧ ಗಂಟೆಯೊಳಗೆ ಕರಿಕಪ್ಪು ಕೊಡುವ ಮೆಹಂದಿಯಲ್ಲಿ ಪಿಪಿಡಿ ಇರುವುದೇ ಹೆಚ್ಚು. ಕ್ಯಾನ್ಸರ್ ಭಯದ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2010ರಲ್ಲಿ ಎರಡು ಮಾತು ಹೇಳಿದೆ: ದಿನವೂ ಇದರಲ್ಲೇ ಕೈಯಾಡಿಸುವ ಕ್ಷೌರಿಕರಿಗೆ ಆ ವೃತ್ತಿಯಿಂದ ಅಪಾಯ ಇರುವ ಸಂಭವವಿದೆ, ಸ್ವಂತ ತಲೆಗೆ ಹಚ್ಚಿಕೊಳ್ಳುವವರ ವಿಷಯದಲ್ಲಿ ತೀರ್ಮಾನಕ್ಕೆ ಸಾಕಷ್ಟು ಪುರಾವೆಯಿಲ್ಲ. ಹೊಟ್ಟೆಗೆ ಹೋದರೆ ಮಾತ್ರ ಇದು ವಿಷವೇ. ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲಿ ಇಡುವ ವಸ್ತುವಲ್ಲ.

ಆದರೂ ಬಣ್ಣ ಹಚ್ಚುವುದನ್ನು ಬಿಡುವ ಯೋಚನೆ ಬರುವುದು ಹೆಚ್ಚಾಗಿ ಬೇಸರದಿಂದ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಹಾಗಾಗಿ ಮೂರನೆಯ ವಾರಕ್ಕೆ ಬೈತಲೆಯ ಎರಡೂ ಕಡೆ ಸುಣ್ಣದ ಗೆರೆ ಎಳೆದಂತೆ ಬಿಳಿ ಇಣುಕುತ್ತದೆ. ಗಂಡಸರಿಗೆ ಬಿಡುವುದು ಸುಲಭ, ಎರಡು ಕಟಿಂಗ್‌ನಲ್ಲಿ ಮುಗಿಯಿತು. ಸಮಾಜವೂ ಅವರ ಪರ. ಶಿವರಾಮ ಕಾರಂತರ ಬಿಳಿತಲೆಯನ್ನು ನೋಡಿ ಯಾರೂ ಅಯ್ಯೋ ಅನ್ನಲಿಲ್ಲ. ಅದೇ ಬಿಳಿ ಹೆಂಗಸಿನ ತಲೆಯಲ್ಲಿ ಕಂಡರೆ, ಏನಮ್ಮಾ ಹುಷಾರಿಲ್ಲವಾ ಎಂಬ ವಿಚಾರಣೆ. ಉದ್ದ ಜಡೆಯವರಿಗೆ ಲೆಕ್ಕವೂ ಕಠಿಣ: ಹೆಗಲಿಗೆ ತಾಗುವ 30 ಸೆಂಟಿಮೀಟರ್ ಕೂದಲು ಪೂರ್ತಿ ಬದಲಾಗಲು ಎರಡೂವರೆ ವರ್ಷ. ಅಷ್ಟು ಕಾಲ ಮೇಲೆ ಬಿಳಿ, ಕೆಳಗೆ ಕೆಂಚುಗಟ್ಟಿದ ಕಪ್ಪು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಗಿ ಪಾರ್ಲರ್‌ಗಳು ಮುಚ್ಚಿದಾಗ, ಹೊರಗೆ ಹೋಗಲಿಕ್ಕೇ ಇಲ್ಲದ ಆ ತಿಂಗಳುಗಳಲ್ಲಿ ಹಲವರು ಈ ದಾರಿಯ ಅತಿ ಕೆಟ್ಟ ಭಾಗವನ್ನು ಯಾರ ಕಣ್ಣಿಗೂ ಬೀಳದೆ ದಾಟಿದರು.

ದಾಟುವ ಬೇರೆ ಉಪಾಯಗಳೂ ಇವೆ. ಗಿಡ್ಡ ಕತ್ತರಿಸುವುದು ಒಂದು. ಪಾರ್ಲರ್‌ನಲ್ಲಿ ಅಲ್ಲಲ್ಲಿ ಎಳೆಗಳನ್ನು ತಿಳಿಗೊಳಿಸಿ ಗೆರೆಯನ್ನು ಮಸುಕು ಮಾಡುವುದು ಇನ್ನೊಂದು, ಅದಕ್ಕೆ ದುಡ್ಡು ಬೇಕು. ತಿರುಪತಿಗೋ ಧರ್ಮಸ್ಥಳಕ್ಕೋ ಹೋಗಿ ಮುಡಿ ಕೊಟ್ಟು ಬಂದರೆ ಲೆಕ್ಕ ಸೊನ್ನೆಯಿಂದ ಶುರು; ಮತ್ತೆ ಬೆಳೆದದ್ದಕ್ಕೆ ಬಣ್ಣ ಮುಟ್ಟಿಸದಿದ್ದರೆ ಆಯಿತು, ಹರಕೆಯ ತಲೆಗೆ ಯಾರೂ ಪ್ರಶ್ನೆ ಹಾಕುವುದಿಲ್ಲ.

ಬಿಟ್ಟ ಮೇಲೂ ಕೆಲಸ ತಪ್ಪದು. ರಕ್ಷಣೆಗೆ ಮೆಲನಿನ್ ಇಲ್ಲದ ಕೂದಲು ಬಿಸಿಲು, ಹೊಗೆ, ಗಡಸು ನೀರಿನಿಂದ ಹಳದಿಗೆ ತಿರುಗುತ್ತದೆ. ಅದಕ್ಕೆಂದು ನೇರಳೆ ಬಣ್ಣದ ಶಾಂಪೂ ಸಿಗುತ್ತದೆ. ನೇರಳೆ ಹಳದಿಯನ್ನು ಕಣ್ಣಿಗೆ ಮರೆಸುತ್ತದೆ. ಬಿಳಿ ಪಂಚೆಯನ್ನು ಕಡೆಯ ಬಕೆಟ್ ನೀರಿನಲ್ಲಿ ನೀಲಿ ಹಾಕಿ ಅದ್ದುವುದರ ಹಿಂದಿರುವ ಲೆಕ್ಕವೂ ಅದೇ. ವಾರಕ್ಕೊಮ್ಮೆ, ಎರಡು ಮೂರು ನಿಮಿಷ ಸಾಕು. ಹೆಚ್ಚು ಹೊತ್ತು ಬಿಟ್ಟರೆ ತಲೆ ತುಸು ನೇರಳೆಯಾಗಿಯೇ ಹೊರಬರುತ್ತದೆ.